ಪ್ರತಿಯೆತ್ತುವುದು ಕಳ್ಳತನವೆ?

ಕಳೆದ ವಾರ ಕಾರ್ಯನಿಮಿತ್ತವಾಗಿ ಚಳ್ಳಕೆರೆಗೆ ಹೋಗಿದ್ದ ನಮಗೆ, ಮಾರುಕಟ್ಟೆ ಪ್ರಾಂಗಣದ ಬಳಿಯ ಹೋಟೆಲೊಂದರಲ್ಲಿ ವಿಚಿತ್ರವಾದ ಒಂದು ಅನುಭವವಾಯಿತು. ಆಗ ಬೆಳಗಿನ ಆರೂವರೆ ಗಂಟೆ. ನಮ್ಮ ಪತ್ರಿಕೆಯ ಕಟ್ಟುಗಳನ್ನು ಹೊತ್ತ ಬಸ್ಸು ದುರ್ಗದಿಂದ ಇನ್ನೂ ಬಂದಿರಲಿಲ್ಲ. ಶೇಂಗಾ ಧಾರಣೆಯ ಮಾತನಾಡುತ್ತ ಕುಳಿತಿದ್ದ ನಾಲ್ಕಾರು ರೈತರ ನಡುವೆ ಹಿರಿಯರೊಬ್ಬರು ಮೊಬೈಲನ್ನು ಕಣ್ಣಿನ ಹತ್ತಿರಕ್ಕೆ ಹಿಡಿದು, ಅಂದಿನ ನಮ್ಮ ಅಗ್ರಲೇಖನವನ್ನೇ ಗಟ್ಟಿಯಾಗಿ ಓದುತ್ತಿದ್ದರು. ನಾವು ಯಾರೆಂಬುದನ್ನು ಹೇಳಿಕೊಳ್ಳದೆ, "ಯಜಮಾನರೆ, ಇದು ತಮಗೆ ಎಲ್ಲಿಂದ ಬಂತು?" ಎಂದು ವಿಚಾರಿಸಿದೆವು. "ದಿನಾ ಬರ್ತದೆ ಸ್ವಾಮಿ, ಗುಂಪಿನಾಗೆ ಯಾರೋ ಹಾಕ್ತಾರೆ. ನಾನೂ ಇನ್ನಿಪ್ಪತ್ತು ಮಂದಿಗೆ ಕಳಿಸ್ತೀನಿ. ಒಳ್ಳೆ ಮಾತು ನಾಕು ಜನಕ್ಕೆ ಮುಟ್ಟಬೇಕಲ್ಲ" ಎಂದು ಅವರು ಅಭಿಮಾನದಿಂದಲೇ ಉತ್ತರವಿತ್ತರು. ನಮ್ಮ ಬರಹವನ್ನು ಮೆಚ್ಚಿದರೆಂದು ಸಂತೋಷಪಡಬೇಕೋ, ಒಂದು ಕಾಸನ್ನೂ ಕೊಡದೆ ಓದಿ ಇನ್ನಿಪ್ಪತ್ತು ಜನಕ್ಕೆ ಹಂಚುತ್ತಿರುವರೆಂದು ಕೋಪಗೊಳ್ಳಬೇಕೋ ತಿಳಿಯದೆ ನಾವು ಕಾಫಿಯನ್ನು ಮುಗಿಸಿ ಎದ್ದೆವು.

ಸತ್ಯವನ್ನು ಹೇಳಬೇಕಾದರೆ, ಮೊದಲು ಬಂದದ್ದು ಕೋಪವೇ. ಪತ್ರಿಕೆಯೊಂದು ಪ್ರತಿನಿತ್ಯವೂ ಹೊರಬೀಳುವುದು ಸುಲಭವಾದ ಮಾತಲ್ಲ. ಕಾಗದದ ಬೆಲೆ, ಮಸಿಯ ಬೆಲೆ, ವಿದ್ಯುಚ್ಛಕ್ತಿಯ ಬಿಲ್ಲು, ಅಕ್ಷರ ಜೋಡಿಸುವವರ ಸಂಬಳ, ವರದಿಗಾರರ ಪ್ರಯಾಣದ ವೆಚ್ಚ, ಇವೆಲ್ಲವೂ ತಿಂಗಳು ತಿಂಗಳಿಗೆ ಕಣ್ಣೆದುರು ಬಂದು ನಿಲ್ಲುತ್ತವೆ. ನಸುಕಿನಲ್ಲಿ ಎದ್ದು ಸೈಕಲ್ಲಿನ ಮೇಲೆ ಮನೆಮನೆಗೆ ಪತ್ರಿಕೆಯನ್ನು ಹಾಕುವ ಹುಡುಗನ ಶಾಲಾ ಶುಲ್ಕವೂ ಆ ಒಂದೊಂದು ಪ್ರತಿಯ ಮಾರಾಟದಿಂದಲೇ ಹುಟ್ಟಬೇಕು. ಇದು ನಮ್ಮೊಬ್ಬರ ದುಃಖವಲ್ಲ. ೨೦೨೦ನೆಯ ಇಸವಿಯ ಲಾಕ್‌ಡೌನ್ ಕಾಲದಲ್ಲಿ ಪತ್ರಿಕೆ ಮುಟ್ಟಿದರೆ ರೋಗ ಬರುವುದೆಂಬ ಭೀತಿ ಹಬ್ಬಿ, ಪಿಡಿಎಫ್ ಪ್ರತಿಗಳ ಹಂಚಿಕೆ ಮಿತಿಮೀರಿ ಬೆಳೆಯಿತು. ಅದೇ ವರ್ಷದ ಮೇ ತಿಂಗಳಿನಲ್ಲಿ ಹಿಂದಿಯ 'ದೈನಿಕ್ ಜಾಗರಣ್' ಪತ್ರಿಕೆಯವರು ದೆಹಲಿಯ ಉಚ್ಚ ನ್ಯಾಯಾಲಯಕ್ಕೆ ಹೋಗಿ, ತಮ್ಮ ಸಂಚಿಕೆಗಳನ್ನು ಹಂಚುತ್ತಿದ್ದ ಗುಂಪುಗಳನ್ನು ತೆಗೆದುಹಾಕುವಂತೆ ಟೆಲಿಗ್ರಾಂ ಸಂಸ್ಥೆಯ ಮೇಲೆ ಆಜ್ಞೆಯನ್ನು ಪಡೆದರು. ನಾವೂ ಒಬ್ಬ ವಕೀಲರನ್ನು ಕಂಡು ನೋಟೀಸು ಕೊಡಿಸಿದರೆ ಹೇಗೆಂದು ಆ ಬೆಳಗ್ಗೆ ಮನಸ್ಸಿನಲ್ಲಿ ಲೆಕ್ಕ ಹಾಕುತ್ತಲೇ ಮೊಳಕಾಲ್ಮುರಿನ ಬಸ್ಸು ಹತ್ತಿದೆವು.

ಆದರೆ ನಾವು ಮೊಳಕಾಲ್ಮುರಿಗೆ ಹೊರಟಿದ್ದುದೇ ಒಬ್ಬ 'ಕಳ್ಳ'ರನ್ನು ಕಾಣುವುದಕ್ಕೆ ಎಂಬುದನ್ನು ವಾಚಕರ ಮುಂದೆ ಒಪ್ಪಿಕೊಳ್ಳಬೇಕಾಗಿದೆ. ನಮ್ಮ ಕಾರ್ಯಾಲಯದ ಕಂಪ್ಯೂಟರು ಕೆಟ್ಟುಹೋಗಿ ಸುಮಾರು ಎರಡು ವರ್ಷಗಳ ಸಂಚಿಕೆಗಳು ನಮ್ಮಲ್ಲಿಯೇ ಇಲ್ಲದಂತಾಗಿದ್ದವು. ಅದಕ್ಕೂ ಹಿಂದಿನ ಕಡತಗಳು ಉಳಿದಿವೆಯಾದರೂ, ಹಳೆಯ ಫಾಂಟಿನಲ್ಲಿ ಜೋಡಿಸಿದವಾದ್ದರಿಂದ ತೆರೆದರೆ ಕನ್ನಡ ಅಕ್ಷರಗಳಿಗೆ ಬದಲಾಗಿ ಅರ್ಥವಿಲ್ಲದ ಚಿಹ್ನೆಗಳು ಕಾಣಿಸುತ್ತವೆ. ರಟ್ಟು ಕಟ್ಟಿಸಿದ ಸಂಪುಟಗಳಲ್ಲಿ ಗೆದ್ದಲು ತಿಂದುಳಿದದ್ದಷ್ಟೇ ನಮ್ಮ ಪಾಲಿಗಿದೆ. ಹೀಗಿರಲು, ಮೊಳಕಾಲ್ಮುರಿನ ನಿವೃತ್ತ ಪ್ರಾಥಮಿಕ ಶಾಲಾ ಉಪಾಧ್ಯಾಯರೊಬ್ಬರು ಗುಂಪಿನಲ್ಲಿ ಬಂದ ನಮ್ಮ ಪತ್ರಿಕೆಯ ಪ್ರತಿಗಳನ್ನು ಒಂದನ್ನೂ ಬಿಡದೆ ತಾರೀಖಿನ ಅನುಕ್ರಮದಲ್ಲಿ ಕೂಡಿಟ್ಟಿದ್ದಾರೆಂದು ತಿಳಿದುಬಂದಿತು. ಮೇಷ್ಟ್ರು ನಮ್ಮನ್ನು ಆದರದಿಂದ ಬರಮಾಡಿಕೊಂಡು, ಹೆಬ್ಬೆರಳಿಗಿಂತ ಚಿಕ್ಕದಾದ ಒಂದು ಪೆನ್‌ಡ್ರೈವಿನಲ್ಲಿ ಆ ಎರಡು ವರ್ಷಗಳನ್ನೂ ತುಂಬಿ ನಮ್ಮ ಕೈಗಿತ್ತರು. ಯಾವ ಕೆಲಸಕ್ಕಾಗಿ ನಾವು ನೋಟೀಸು ಕೊಡಿಸಬೇಕೆಂದಿದ್ದೆವೋ ಅದೇ ಕೆಲಸದಿಂದ ನಮ್ಮ ಆಸ್ತಿ ನಮಗೆ ಮರಳಿ ದೊರೆಯಿತು. ಅಂದಿನಿಂದ ನಮ್ಮ ಮನಸ್ಸಿನಲ್ಲಿ ಹುಟ್ಟಿರುವ ಆಲೋಚನೆಗಳನ್ನು ಇಂದು ವಾಚಕರ ಮುಂದಿಡುತ್ತಿದ್ದೇವೆ.

ಮೊಳಕಾಲ್ಮುರಿಗೆ ಹೋದವರು ಬ್ರಹ್ಮಗಿರಿಯನ್ನು ನೋಡದೆ ಬರುವುದು ತರವಲ್ಲವೆಂದು ಮೇಷ್ಟ್ರು ನಮ್ಮನ್ನು ಅಲ್ಲಿಗೆ ಕರೆದೊಯ್ದರು. ಊರವರು ಅಕ್ಷರಗುಂಡು ಎಂದು ಕರೆಯುವ ಆ ಬಂಡೆಯ ಮೇಲೆ ಕ್ರಿಸ್ತಪೂರ್ವ ಮೂರನೆಯ ಶತಮಾನದ ಅಶೋಕನ ಧರ್ಮಾಜ್ಞೆಯಿದೆ. ಅದೇ ಆಜ್ಞೆಯ ಇನ್ನೊಂದು ಪ್ರತಿ ಸಮೀಪದ ಸಿದ್ದಾಪುರದಲ್ಲಿಯೂ, ಮತ್ತೊಂದು ಜಟಿಂಗ ರಾಮೇಶ್ವರ ಬೆಟ್ಟದ ಮೇಲೆಯೂ ಇವೆ. ೧೮೯೨ರಲ್ಲಿ ಬಿ. ಎಲ್. ರೈಸ್ ಮಹಾಶಯರು ಈ ಮೂರನ್ನೂ ಲೋಕದ ಬೆಳಕಿಗೆ ತಂದರು. ಸುವರ್ಣಗಿರಿಯಲ್ಲಿದ್ದ ರಾಜಕುಮಾರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಆರೋಗ್ಯವನ್ನು ಕೋರಿ ಕಳುಹಿಸಿದ ಒಕ್ಕಣೆಯಿಂದ ಆ ಶಾಸನವು ಆರಂಭವಾಗುತ್ತದೆ. ತಾಯಿತಂದೆಗಳಿಗೆ ವಿಧೇಯರಾಗಿರಬೇಕು, ಪ್ರಾಣಿಗಳಲ್ಲಿ ದಯೆಯಿರಬೇಕು, ಸತ್ಯವನ್ನು ನುಡಿಯಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು ಎಂಬುದೇ ಅದರ ಸಾರ.

ಕೆಲವೇ ಮೈಲಿಗಳ ಅಂತರದಲ್ಲಿ ಒಂದೇ ಮಾತನ್ನು ಮೂರು ಕಡೆ ಕೊರೆಯಿಸುವ ಶ್ರಮವೇಕೆ ಎಂದು ಯಾರಿಗಾದರೂ ಅನ್ನಿಸಬಹುದು. ಉತ್ತರವನ್ನು ಕಾಲವೇ ಕೊಟ್ಟಿದೆ. ಜಟಿಂಗ ರಾಮೇಶ್ವರದ ಬರಹವು ಬಹಳವಾಗಿ ಸವೆದುಹೋಗಿದೆ. ಸಿದ್ದಾಪುರದ ಪ್ರತಿಯಲ್ಲಿ ಅಳಿದ ಅಕ್ಷರಗಳನ್ನು ಬ್ರಹ್ಮಗಿರಿಯ ಪ್ರತಿಯಿಂದ ವಿದ್ವಾಂಸರು ತುಂಬಿಕೊಂಡರು. ಒಂದೇ ಪ್ರತಿಯಿದ್ದು, ಅದು ಜಟಿಂಗ ರಾಮೇಶ್ವರದ್ದೇ ಆಗಿದ್ದರೆ, ಚಕ್ರವರ್ತಿಯ ಮಾತು ಈ ನಾಡಿನಲ್ಲಿ ಮೂಕವಾಗುತ್ತಿತ್ತು. ಇನ್ನೊಂದು ಸಂಗತಿಯನ್ನೂ ನಾವು ಗಮನಿಸಿದೆವು. ಪ್ರತಿಯೆತ್ತಿದ ಲಿಪಿಕಾರನು ಚಪಡನೆಂಬ ತನ್ನ ಹೆಸರನ್ನು ಕೊನೆಯಲ್ಲಿ ಬರೆದು, ತಾನು ಲಿಪಿಕಾರನೆಂಬುದನ್ನು ದೂರದ ವಾಯವ್ಯ ಪ್ರಾಂತದ ಖರೋಷ್ಠಿ ಲಿಪಿಯಲ್ಲಿ ಸೂಚಿಸಿದ್ದಾನೆ. ಮಾತು ಯಾರದು, ಯಾರ ಮೂಲಕ ಬಂದಿತು, ಬರೆದವನು ಯಾರು ಎಂಬ ಮೂರೂ ಪ್ರಶ್ನೆಗಳಿಗೆ ಆ ಬಂಡೆಯಲ್ಲಿ ಉತ್ತರವಿದೆ. ಇಂದು ನಮ್ಮ ಮೊಬೈಲುಗಳಿಗೆ ಬರುವ ನೂರು ಸಂದೇಶಗಳಲ್ಲಿ ಎಷ್ಟಕ್ಕೆ ಈ ಮೂರು ಉತ್ತರಗಳಿವೆ?

ಹಂಚಿಕೊಳ್ಳುವುದು ಈ ಸೀಮೆಗೆ ಹೊಸ ಪದ್ಧತಿಯಲ್ಲ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಯವರು ಅಕ್ಷರವನ್ನೇ ಕಲಿಯದೆ ಸಾವಿರಾರು ಪದಗಳನ್ನು ಕಂಠದಲ್ಲಿ ಕಾಪಾಡಿಕೊಂಡಿದ್ದರು. ಕೇಳಿ ಕಲಿತದ್ದನ್ನು ಕೇಳಿದವರಿಗೆ ಕಲಿಸಿದರು. ಕೃಷ್ಣಮೂರ್ತಿ ಹನೂರರಂಥ ವಿದ್ವಾಂಸರು ಅವನ್ನು ಸಂಗ್ರಹಿಸಿದುದರಿಂದ ನಮ್ಮ ಸಾಹಿತ್ಯಕ್ಕೆ ಅವು ದಕ್ಕಿದವು. ಪಾಠಶಾಲೆಯಲ್ಲಿ ಅಮರಕೋಶವನ್ನು ಬಾಯಿಪಾಠ ಮಾಡಿ, ಮೆಟ್ರಿಕ್ಯುಲೇಷನ್ನಿಗೆ ಓದನ್ನು ನಿಲ್ಲಿಸಿದ ನಮಗೂ ಗುರುಗಳು ಪುಸ್ತಕದ ಕ್ರಯವನ್ನು ಕೇಳಿದವರಲ್ಲ. ಅವರ ಪುಸ್ತಕವನ್ನು ನೋಡಿ ನಾವು ಪ್ರತಿಮಾಡಿಕೊಂಡೆವು. ಇನ್ನು ಸ್ವಾತಂತ್ರ್ಯ ಸಮರದ ಕಾಲವನ್ನು ನೆನೆದರೆ, ಪ್ರತಿಯೆತ್ತುವುದೇ ಒಂದು ದೇಶಸೇವೆಯಾಗಿತ್ತು. ೧೯೪೨ರಲ್ಲಿ ಪತ್ರಿಕೆಗಳ ಬಾಯಿಗೆ ಬೀಗ ಬಿದ್ದಾಗ ಸೈಕ್ಲೋಸ್ಟೈಲ್ ಪತ್ರಗಳು ಕೈಯಿಂದ ಕೈಗೆ ಗುಪ್ತವಾಗಿ ಸಾಗಿದವು. ಮುಂಬಯಿಯಲ್ಲಿ ಉಷಾ ಮೆಹ್ತಾ ಅವರೂ ಅವರ ಸಂಗಡಿಗರೂ ಗುಪ್ತ ರೇಡಿಯೋವನ್ನು ನಡೆಸಿದರು. ಆ ಪತ್ರಗಳನ್ನು ನಕಲು ಮಾಡಿದವರನ್ನು ಸರ್ಕಾರವು ಅಪರಾಧಿಗಳೆಂದಿತು, ದೇಶವು ವೀರರೆಂದಿತು. ನಕಲು ಎಂಬ ಕ್ರಿಯೆಯಲ್ಲಿಯೇ ಪಾಪವಾಗಲಿ ಪುಣ್ಯವಾಗಲಿ ಇಲ್ಲ. ಅದರ ಉದ್ದೇಶದಲ್ಲಿಯೂ ಫಲದಲ್ಲಿಯೂ ಇದೆ.

ಇದಕ್ಕೆ ನಮ್ಮ ಕಾಲದ ನಿದರ್ಶನವೊಂದನ್ನು ಕೊಡುತ್ತೇವೆ. ಈ ಶತಮಾನದ ಆರಂಭದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಮುಂದಾಳಾಗಿ ನಿಂತು 'ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ' ಎಂಬ ಮಹತ್ಕಾರ್ಯವನ್ನು ಕೈಗೊಂಡರು. ದೇಶದ ಗ್ರಂಥಾಲಯಗಳಲ್ಲಿ ಧೂಳು ಹಿಡಿದಿದ್ದ ಲಕ್ಷಾಂತರ ಗ್ರಂಥಗಳು ಪುಟಪುಟವಾಗಿ ಚಿತ್ರಗಳಾಗಿ ಅಂತರ್ಜಾಲಕ್ಕೆ ಬಂದವು. ಕನ್ನಡದ ಹಳೆಯ ಪುಸ್ತಕಗಳೂ ಅವುಗಳಲ್ಲಿ ಸೇರಿದ್ದವು. ಕೆಲವು ವರ್ಷಗಳ ಬಳಿಕ ಆ ತಾಣದ ಬಾಗಿಲು ಮುಚ್ಚಿತು. ಆದರೆ ಅಷ್ಟರಲ್ಲಿ ಅಮೆರಿಕಾದ ಕಾರ್ಲ್ ಮಲಮೂದ್ ಎಂಬುವರು ನಾಲ್ಕು ಲಕ್ಷಕ್ಕೂ ಮೇಲ್ಪಟ್ಟ ಗ್ರಂಥಗಳ ಪ್ರತಿಗಳನ್ನು ಸ್ಯಾನ್ ಫ್ರಾನ್ಸಿಸ್ಕೋ ನಗರದ 'ಇಂಟರ್ನೆಟ್ ಆರ್ಕೈವ್' ಎಂಬ ಭಂಡಾರದಲ್ಲಿ ಇರಿಸಿದ್ದರು. ಇಂದು ಹಳ್ಳಿಯ ವಿದ್ಯಾರ್ಥಿಯು ಹಳೆಯ ಕನ್ನಡ ಗ್ರಂಥವೊಂದನ್ನು ಮೊಬೈಲಿನಲ್ಲಿ ತೆರೆಯುವುದಾದರೆ, ಹೆಚ್ಚಾಗಿ ಅಲ್ಲಿಂದಲೇ ತೆರೆಯುತ್ತಾನೆ. ಬೆಂಗಳೂರಿನ ಕನ್ನಡಿಗ ಸ್ವಯಂಸೇವಕರೂ ಗ್ರಂಥಗಳನ್ನು ಸ್ಕ್ಯಾನ್ ಮಾಡಿ ಅದೇ ಭಂಡಾರಕ್ಕೆ ಸೇರಿಸುತ್ತಿರುವುದು ಶ್ಲಾಘನೀಯವಾಗಿದೆ.

ಉಪಕಾರವನ್ನು ಸ್ಮರಿಸುವುದು ಧರ್ಮ. ಆದರೆ ನಮ್ಮ ಮನೆಯ ಒಡವೆಯನ್ನು ನೋಡಲು ಪ್ರತಿಸಾರಿಯೂ ನೆರೆಮನೆಯ ಪೆಟ್ಟಿಗೆಯನ್ನು ತೆರೆಯಿಸಬೇಕಾಗಿರುವುದು ಸ್ವಾಭಿಮಾನಿಗಳಾದ ಜನಕ್ಕೆ ಶೋಭೆಯಲ್ಲ, ಕ್ಷೇಮವೂ ಅಲ್ಲ. ೨೦೨೪ರ ಅಕ್ಟೋಬರಿನಲ್ಲಿ ಆ ಭಂಡಾರದ ಮೇಲೆ ಸೈಬರ್ ದಾಳಿಯಾಗಿ ಹಲವು ದಿನಗಳು ಅದು ಮುಚ್ಚಿತ್ತು. ಆ ದಿನಗಳಲ್ಲಿ ನಮ್ಮ ಪುಸ್ತಕಗಳೂ ನಮ್ಮ ಕೈಗೆ ಸಿಕ್ಕದಂತಾದವು. ಅಶೋಕನು ಒಂದೇ ಬಂಡೆಯನ್ನು ನಂಬಲಿಲ್ಲ. ನಾವು ಒಂದೇ ಪರದೇಶದ ಭಂಡಾರವನ್ನು ನಂಬಿ ಕುಳಿತಿದ್ದೇವೆ.

ಹಾಗಾದರೆ ಎಲ್ಲವನ್ನೂ ಎಲ್ಲರೂ ಪ್ರತಿಯೆತ್ತಬಹುದೇ ಎಂದು ಕೇಳಿದರೆ, ಖಂಡಿತವಾಗಿಯೂ ಇಲ್ಲವೆಂದು ನಾವು ಹೇಳುತ್ತೇವೆ. ಚಳ್ಳಕೆರೆಯಿಂದ ಮೊಳಕಾಲ್ಮುರಿಗೆ ಹೋಗುವ ಹಾದಿಯಲ್ಲಿ ತಳುಕು ಗ್ರಾಮವಿದೆ. ಕುವೆಂಪುರವರು ತಮ್ಮ 'ಶ್ರೀ ರಾಮಾಯಣ ದರ್ಶನಂ' ಮಹಾಕಾವ್ಯವನ್ನು ಯಾರಿಗೆ ಅರ್ಪಿಸಿದರೋ ಆ ಗುರು ಟಿ. ಎಸ್. ವೆಂಕಣ್ಣಯ್ಯನವರು ಆ ಊರಿನ ಮನೆತನದವರು. ದುರ್ಗದ ಇತಿಹಾಸವನ್ನು ಕಾದಂಬರಿಗಳಲ್ಲಿ ಚಿತ್ರಿಸಿದ ತ. ರಾ. ಸುಬ್ಬರಾಯರೂ ಅದೇ ಮನೆತನದವರು. ವೆಂಕಣ್ಣಯ್ಯನವರು ಗತಿಸಿದ್ದು ೧೯೩೯ರಲ್ಲಿ. ಅವರ ಬರಹಗಳು ಇಂದು ಸಾರ್ವಜನಿಕರ ಸ್ವತ್ತು. ಯಾರು ಬೇಕಾದರೂ ಅಚ್ಚುಹಾಕಿಸಬಹುದು, ಹಂಚಬಹುದು. ತರಾಸುರವರು ಗತಿಸಿದ್ದು ೧೯೮೪ರಲ್ಲಿ. ೧೯೫೭ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಲೇಖಕನು ತೀರಿಕೊಂಡ ಮೇಲೆ ಅರುವತ್ತು ವರ್ಷಗಳವರೆಗೆ ಹಕ್ಕು ಉಳಿಯುವುದರಿಂದ, ಅವರ 'ದುರ್ಗಾಸ್ತಮಾನ'ವು ೨೦೪೪ನೆಯ ಇಸವಿಯ ಅಂತ್ಯದವರೆಗೆ ಹಕ್ಕುದಾರರ ಸ್ವತ್ತಾಗಿರುವುದು. ಅರುವತ್ತು ವರ್ಷಗಳು ಅತಿಯಾಯಿತೆಂದು ವಾದಿಸುವವರಿದ್ದಾರೆ. ಆ ವಾದದಲ್ಲಿ ಹುರುಳಿಲ್ಲದೆಯೂ ಇಲ್ಲ. ಆದರೆ ಸಾಲ ಮಾಡಿ ಸಾವಿರ ಪ್ರತಿಗಳನ್ನು ಅಚ್ಚುಹಾಕಿಸುವ ಕನ್ನಡ ಪ್ರಕಾಶಕನ ಹೊಸ ಪುಸ್ತಕವು ಬಿಡುಗಡೆಯಾದ ವಾರದಲ್ಲಿಯೇ ಗುಂಪುಗಳಲ್ಲಿ ಹರಿದಾಡಿದರೆ, ಅವನು ಎರಡನೆಯ ಪುಸ್ತಕವನ್ನು ಹಾಕುವುದಿಲ್ಲ. ಹಳೆಯ ಮರದ ಹಣ್ಣನ್ನು ಊರೆಲ್ಲ ಹಂಚಿಕೊಳ್ಳಬಹುದು. ಸಸಿಯ ಚಿಗುರನ್ನು ಚಿವುಟಿದರೆ ಮುಂದೆ ಹಣ್ಣೇ ಇರುವುದಿಲ್ಲ.

ಮೊಳಕಾಲ್ಮುರಿನ ನೇಕಾರರ ಸಂಕಟವು ಇದಕ್ಕಿಂತಲೂ ತೀವ್ರವಾದದ್ದು. ಅಲ್ಲಿಯ ರೇಷ್ಮೆ ಸೀರೆಗೆ ೨೦೧೧ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಮಗ್ಗದ ಮುಂದೆ ಕುಳಿತಿದ್ದ ಒಬ್ಬರು ನಮ್ಮೊಡನೆ ಹೇಳಿದ್ದು ಇಷ್ಟು: ಹೊಸ ಅಂಚನ್ನು ಯೋಚಿಸಿ, ನೇಯ್ದು, ವ್ಯಾಪಾರಿಗೆ ತೋರಿಸಲೆಂದು ಮೊಬೈಲಿನಲ್ಲಿ ಚಿತ್ರ ಕಳುಹಿಸುತ್ತಾರೆ, ಎರಡನೆಯ ಸೀರೆ ಮಗ್ಗದಿಂದ ಇಳಿಯುವಷ್ಟರಲ್ಲಿ ಅದೇ ಅಂಚು ಎಲ್ಲಿಯೋ ವಿದ್ಯುತ್ ಮಗ್ಗದಲ್ಲಿ ನೂರಾರು ಸಂಖ್ಯೆಯಲ್ಲಿ ಸಿದ್ಧವಾಗಿರುತ್ತದೆ. ಇಲ್ಲಿ ನಕಲು ಮಾಡಿದವನು ಬಲಿಷ್ಠ, ನಷ್ಟಕ್ಕೆ ಗುರಿಯಾದವನು ಬಡವ. ಭೌಗೋಳಿಕ ಗುರುತು ಕಾಪಾಡುವುದು 'ಮೊಳಕಾಲ್ಮುರು' ಎಂಬ ಹೆಸರನ್ನು. ಒಬ್ಬ ನೇಕಾರನು ಕಲ್ಪಿಸಿದ ಹೊಸ ವಿನ್ಯಾಸವನ್ನಲ್ಲ. ಅದಕ್ಕೆ ೨೦೦೦ದ ವಿನ್ಯಾಸಗಳ ಕಾಯಿದೆಯ ಮೇರೆಗೆ ಪ್ರತ್ಯೇಕವಾಗಿ ನೋಂದಣಿ ಮಾಡಿಸಬೇಕು. ಅದಕ್ಕೆ ಮೊದಲೇ ವಿನ್ಯಾಸವನ್ನು ಸಾರ್ವಜನಿಕವಾಗಿ ಪ್ರಕಟಿಸಿಬಿಟ್ಟರೆ ಆ ಹಕ್ಕಿಗೇ ಕುಂದು ಬರುತ್ತದೆ. ಈ ಒಂದು ವಿಷಯವನ್ನು ಕೈಮಗ್ಗದ ಇಲಾಖೆಯವರು ನೇಕಾರರ ಕೇರಿಗೆ ಹೋಗಿ ಕನ್ನಡದಲ್ಲಿ ತಿಳಿಸಿ, ನೋಂದಣಿಯ ಅರ್ಜಿಯನ್ನು ತಾವೇ ತುಂಬಿಸಿಕೊಂಡು ಬಂದರೆ ಮಹದುಪಕಾರವಾಗುವುದು.

ಹಂಚಿಕೆಯ ಇನ್ನೊಂದು ಕೇಡು ಹೆಸರಿಲ್ಲದ ಸುದ್ದಿ. ೨೦೧೮ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುಳ್ಳು ಸಂದೇಶಗಳು ಮೊಬೈಲಿನಿಂದ ಮೊಬೈಲಿಗೆ ಹಾರಿ, ಬೆಂಗಳೂರಿನಲ್ಲಿಯೂ ಬೀದರ್ ಜಿಲ್ಲೆಯ ಮುರ್ಕಿಯಲ್ಲಿಯೂ ನಿರಪರಾಧಿಗಳು ಜನರ ಕೈಯಲ್ಲಿ ಪ್ರಾಣ ಕಳೆದುಕೊಂಡರು. ಅನಂತರ ವಾಟ್ಸ್‌ಆ್ಯಪ್ ಸಂಸ್ಥೆಯವರು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆಗೆ ಮುಂದೂಡದಂತೆ ಮಿತಿಯನ್ನು ಹಾಕಿದರು. ಯಂತ್ರಕ್ಕೆ ಹಾಕಿದ ಈ ಬೇಲಿ ಒಳ್ಳೆಯದೇ. ಆದರೆ ಬರೆದವನ ಹೆಸರಿಲ್ಲದ ಮಾತನ್ನು ತಾನು ಮುಂದಕ್ಕೆ ಕಳುಹಿಸುವುದಿಲ್ಲವೆಂದು ಪ್ರತಿಯೊಬ್ಬನೂ ಹಾಕಿಕೊಳ್ಳುವ ಬೇಲಿಯೇ ನಿಜವಾದ ರಕ್ಷೆ. ಎರಡು ಸಾವಿರ ವರ್ಷಗಳಿಗೂ ಹಿಂದೆ ಕಲ್ಲು ಕೊರೆದ ಚಪಡನಿಗೆ ಇದ್ದ ಹೊಣೆಗಾರಿಕೆಯು, ಬೆರಳ ತುದಿಯಿಂದ ಊರಿಗೆಲ್ಲ ಸುದ್ದಿ ಹಂಚುವ ನಮಗೆ ಬೇಡವೆ?

ಇನ್ನು ಸರ್ಕಾರದವರಿಗೆ ಒಂದು ಮಾತು. ಇದೇ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ೧,೫೦೦ ಎಕರೆಗಳ ಎರಡನೆಯ ಆವರಣವಿದೆ. ತಾಲ್ಲೂಕಿನ ವಾಯುನೆಲೆಯಲ್ಲಿ ೨೦೨೩ರ ಏಪ್ರಿಲ್ ೨ರಂದು ಇಸ್ರೋದವರು ತಮ್ಮ ರೆಕ್ಕೆಯುಳ್ಳ ಪುನರ್ಬಳಕೆಯ ವಾಹನವನ್ನು ತಾನಾಗಿ ಇಳಿಯುವಂತೆ ಮಾಡಿ ಲೋಕದ ಮೆಚ್ಚುಗೆ ಪಡೆದರು. ನಮ್ಮ ಜನರು ದನ ಕುರಿ ಮೇಯಿಸುತ್ತಿದ್ದ ಅಮೃತಮಹಲ್ ಕಾವಲುಗಳೇ ಈ ವಿದ್ಯಾಸ್ಥಾನಗಳಿಗೆ ನೆಲವಾದವು. ಕೇಂದ್ರ ಸರ್ಕಾರದವರು ೨೦೨೪ರ ನವೆಂಬರಿನಲ್ಲಿ 'ಒಂದು ರಾಷ್ಟ್ರ, ಒಂದು ಚಂದಾ' ಎಂಬ ಯೋಜನೆಯನ್ನು ಅಂಗೀಕರಿಸಿ, ಮೂರು ವರ್ಷಗಳಿಗೆ ೬,೦೦೦ ಕೋಟಿ ರೂಪಾಯಿಗಳನ್ನಿಟ್ಟು, ಸುಮಾರು ೧೩,೦೦೦ ವಿದ್ವತ್ಪತ್ರಿಕೆಗಳನ್ನು ಸರ್ಕಾರಿ ಉನ್ನತ ವಿದ್ಯಾಸಂಸ್ಥೆಗಳಿಗೂ ಸಂಶೋಧನಾಲಯಗಳಿಗೂ ಒದಗಿಸಲು ಹೊರಟಿದ್ದಾರೆ. ಸಂತೋಷ. ಆದರೆ ಬೇಲಿಯ ಒಳಗಿನ ವಿದ್ವಾಂಸನಿಗೆ ತೆರೆದ ಆ ಬಾಗಿಲು, ಬೇಲಿಯ ಹೊರಗಿನ ಹಳ್ಳಿಯ ಪ್ರೌಢಶಾಲೆಯ ಉಪಾಧ್ಯಾಯನಿಗೆ ತೆರೆಯುವುದಿಲ್ಲ. ನೆಲವನ್ನು ಕೊಟ್ಟವರಿಗೆ ವಿದ್ಯೆಯಲ್ಲಿ ಪಾಲು ಬೇಡವೆ? ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಈಗ 'ಅರಿವು ಕೇಂದ್ರ'ಗಳೆಂಬ ಹೆಸರನ್ನು ಪಡೆದಿವೆ. ಹಕ್ಕಿನ ಅವಧಿ ಮುಗಿದ ಕನ್ನಡ ಗ್ರಂಥಗಳೆಲ್ಲವನ್ನೂ, ಶಾಸನಸಂಪುಟಗಳನ್ನೂ, ಸರ್ಕಾರವೇ ಪ್ರಕಟಿಸಿದ ಪುಸ್ತಕಗಳನ್ನೂ ಒಂದು ಪೆಟ್ಟಿಗೆಯಲ್ಲಿ ತುಂಬಿ ಪ್ರತಿಯೊಂದು ಅರಿವು ಕೇಂದ್ರದಲ್ಲಿಯೂ ಇರಿಸಲಿ. ಜಾಲದ ಸಂಪರ್ಕ ತಪ್ಪಿದ ದಿನವೂ ಅವು ಓದಲು ಸಿಕ್ಕುವಂತಿರಲಿ. ಆಗ ನಮ್ಮ ವಾಙ್ಮಯಕ್ಕೆ ಮೂರಲ್ಲ, ಸಾವಿರಾರು ಬಂಡೆಗಳು ದೊರೆತಂತಾಗುವುದು.

ಪರರಿಗೆ ಬುದ್ಧಿ ಹೇಳುವವರು ತಾವು ಮೊದಲು ನಡೆದು ತೋರಿಸಬೇಕಷ್ಟೆ. ಆದುದರಿಂದ ನಾವು ನೋಟೀಸಿನ ಯೋಚನೆಯನ್ನು ಬಿಟ್ಟಿದ್ದೇವೆ. ನಮ್ಮ ಪತ್ರಿಕೆಯ ಸಂಚಿಕೆಗಳು ಪ್ರಕಟವಾಗಿ ಏಳು ದಿನಗಳು ಕಳೆದ ಬಳಿಕ ಎಲ್ಲರಿಗೂ ಮುಕ್ತವಾಗಿರುವುವು. ಯಾರು ಬೇಕಾದರೂ ಇರಿಸಿಕೊಳ್ಳಬಹುದು, ಹಂಚಬಹುದು. ಅಗ್ರಲೇಖನವನ್ನು ಅಂದೇ ಹಂಚಬಹುದು. ಷರತ್ತುಗಳು ಎರಡೇ: ಪತ್ರಿಕೆಯ ಹೆಸರನ್ನೂ ತಾರೀಖನ್ನೂ ಅಳಿಸಬಾರದು, ಮಾತನ್ನು ತಿದ್ದಬಾರದು. ಹಳೆಯ ಫಾಂಟಿನ ಕಡತಗಳನ್ನು ಯೂನಿಕೋಡಿಗೆ ತಿರುಗಿಸುವ ಕೆಲಸವನ್ನೂ ಆರಂಭಿಸಿದ್ದೇವೆ. ಮೊಳಕಾಲ್ಮುರಿನ ಮೇಷ್ಟ್ರು ತಿದ್ದುವ ಹೊಣೆಯನ್ನು ಹೊತ್ತಿದ್ದಾರೆ. ಇದರಿಂದ ನಮಗೆ ನಷ್ಟವಾಗಬಹುದೆಂಬುದನ್ನು ನಾವು ಅರಿಯದವರಲ್ಲ. ಮಾರಾಟವು ಇನ್ನೂ ಇಳಿದರೆ ಈ ಪತ್ರಿಕೆಯು ಎಷ್ಟು ಕಾಲ ನಡೆದೀತೆಂಬ ಚಿಂತೆಯೂ ನಮಗಿದೆ.

ಆದುದರಿಂದ ಚಳ್ಳಕೆರೆಯ ಹೋಟೆಲಿನಲ್ಲಿ ನಮ್ಮ ಬರಹವನ್ನು ಓದಿದ ಆ ಹಿರಿಯರಲ್ಲಿಯೂ, ಅವರಂಥ ಸಹಸ್ರಾರು ಮಹಾಜನಗಳಲ್ಲಿಯೂ ನಮ್ಮದೊಂದು ವಿಜ್ಞಾಪನೆಯಿದೆ. ಹಳೆಯದನ್ನು ನಿರಾತಂಕವಾಗಿ ಹಂಚಿರಿ. ಅಂದಂದಿನ ಪತ್ರಿಕೆಯನ್ನು ಮಾತ್ರ, ಇಪ್ಪತ್ತು ಮಂದಿ ಓದುವ ಕಡೆ ಒಬ್ಬರಾದರೂ ಹಣ ಕೊಟ್ಟು ಕೊಳ್ಳಿರಿ. ಸೈಕಲ್ಲಿನ ಹುಡುಗನು ನಿಮ್ಮ ಬಾಗಿಲಿಗೆ ಬರುವುದು ನಿಂತರೆ, ಗುಂಪಿನಲ್ಲಿ ಹಾಕುವುದಕ್ಕೂ ಏನೂ ಉಳಿಯುವುದಿಲ್ಲ.